ದಾರಿದನಿ ಹಾಯುವ ಹೊತ್ತು

ನಮ್ಮೂರಿಗೆ ಬರುವವರ ಫೋನು ಬೋಳುದಿಣ್ಣೆ ದಾಟಿದ ಕೂಡಲೇ ದಾರಿ ಮರೆಯುತ್ತದೆ. ಲಾರಿಯವರು ಫೋನನ್ನು ಅಂಗೈಗೆ ಕುಟ್ಟಿ, ಬೈದು, ಕೊನೆಗೆ ಬಾಯಿಬಿಟ್ಟು ನಮ್ಮನ್ನೇ ಕೇಳುತ್ತಾರೆ. ನಮಗೆ ನಗು. ಹಡಗಿಗೆ, ಲಾರಿಗೆ, ಫೋನಿಗೆ ದಾರಿ ತೋರಿಸಲೆಂದು ಉಪಗ್ರಹಗಳು ಮೇಲಿಂದ ಬಿಡುವ ದನಿ ನಮ್ಮೂರ ಮೇಲೂ ಬೀಳುತ್ತದೆ, ಇಲ್ಲವೆಂದಲ್ಲ. ಆದರೆ ಇಲ್ಲಿ ಅದು ದಾರಿ ಹೇಳುವುದಿಲ್ಲ. ನೆಲಕ್ಕೆ ಬಡಿದು ಮೇಲೆದ್ದು ಹೋಗುವಾಗ ನೆಲದ ಸಮಾಚಾರ ಹೇಳುತ್ತದೆ. ಹಸಿ ನೆಲದಿಂದ ಎದ್ದರೆ ದನಿ ತುಂಬಿಕೊಂಡಿರುತ್ತದೆ, ಒಣ ನೆಲದಿಂದ ಎದ್ದರೆ ಸೊರಗಿರುತ್ತದೆ. ಎಳೆ ಪೈರಿನ ಮೇಲೆ ಅದರ ಮಾತೇ ಬೇರೆ, ತೆನೆ ಕಟ್ಟಿದ ಪೈರಿನ ಮೇಲೆ ಬೇರೆ. ನಾವು ಅದನ್ನು ದಾರಿದನಿ ಎನ್ನುತ್ತೇವೆ. ಅದನ್ನು ಕೇಳುವ ಕಿವಿ ಊರಿನಲ್ಲಿ ಒಬ್ಬ ಹೆಂಗಸಿಗೆ ಇರುತ್ತದೆ. ಅವಳು ಹಣ್ಣಾಗುವ ಹೊತ್ತಿಗೆ ಇನ್ನೊಬ್ಬಳಿಗೆ ಬರತೊಡಗುತ್ತದೆ. ಕಿವಿ ಬಂದವಳನ್ನು ಕಟ್ಟೆಯ ಮೇಲೆ ಕೂರಿಸಿ ಕಿವಿಯಮ್ಮ ಎಂದು ಕರೆಯುತ್ತೇವೆ.

ದನಿ ದಿನಕ್ಕೊಂದು ಸಲ ಹಾಯುತ್ತದೆ, ಅದೂ ನಿನ್ನೆಗಿಂತ ಇವತ್ತು ಸ್ವಲ್ಪ ಮುಂಚೆ. ಗಡಿಯಾರ ನಂಬಿದವನು ಕೆಟ್ಟ. ಅದು ಬರುವುದು ಕಿವಿಯಮ್ಮನಿಗೆ ಮಾತ್ರ ತಿಳಿಯುತ್ತದೆ. ಅವರು ಕೈ ಎತ್ತುತ್ತಾರೆ, ಕಟ್ಟೆಯ ಕೆಳಗೆ ನಿಂತ ನೀರುಗಂಟಿ ಕೊಂಬು ಊದುತ್ತಾನೆ. ಕೊಂಬು ಕೇಳಿದ ಮೇಲೆ ಕೈ ಇಳಿಯುವತನಕ ಊರಲ್ಲಿ ಯಾರೂ ಮಾತಾಡಬಾರದು, ಕಾಲು ಎತ್ತಿ ಇಡಬಾರದು. ಒನಕೆ ಎತ್ತಿದವಳು ಎತ್ತಿದ ಹಾಗೇ ನಿಲ್ಲುತ್ತಾಳೆ. ನನ್ನ ಮದುವೆಯಲ್ಲಿ ತಾಳಿಯ ಮೂರನೇ ಗಂಟಿಗೆ ಕೊಂಬು ಊದಿತು. ಗಂಡು ದಾರದ ತುದಿ ಹಿಡಿದು ನನ್ನ ಕತ್ತಿಗೆ ಬಿಸಿಯುಸಿರು ಬಿಡುತ್ತಾ ನಿಂತಿದ್ದ. ಆ ಗಂಟು ಸರಿಯಾಗಿ ಬೀಳಲಿಲ್ಲ ಅಂತ ಆಮೇಲೆ ನಮ್ಮಮ್ಮ ಅತ್ತಳು. ಬಿದ್ದಿದ್ದರೂ ಅಷ್ಟೇ ಅನ್ನಿ. ನಾನು ಗಂಡನ ಮನೆ ಬಿಟ್ಟು ಬಂದು ಅಪ್ಪನ ಮನೆಯಲ್ಲೇ ಕೂತವಳು.

ಇನ್ನೂ ಕೆಲವು ಕಟ್ಟುಗಳಿವೆ. ಕಿವಿಯಮ್ಮನಾಗಿ ಕೂತವಳು ಆಮೇಲೆ ಹೊಲ ನೋಡುವಂತಿಲ್ಲ. ಕಣ್ಣು ಕಂಡರೆ ಕಿವಿ ಕಂಡದ್ದನ್ನೇ ಕೇಳುತ್ತದೆ, ಆ ಗಳಿಗೆಗೇ ದನಿ ಎಂದೆಂದಿಗೂ ಕೈಬಿಡುತ್ತದೆ. ಅದಕ್ಕೇ ಕಟ್ಟೆಯ ಹಿಂದೆ, ಹೊಲದ ಕಡೆಗೆ, ಆಳೆತ್ತರದ ಮಣ್ಣಿನ ಗೋಡೆ. ಊರಿನವರ ಕಡೆ ಮುಖ ಮಾಡಿ, ಗೋಡೆಗೆ ಬೆನ್ನು ಕೊಟ್ಟು ಅವರು ಕೂರುತ್ತಾರೆ. ಹೊಲದ ಹೆಸರು ಹೇಳಿ ಎರಡರಲ್ಲಿ ಒಂದು ಮಾತು ಮಾತ್ರ ಆಡಬೇಕು: ಬಾಯಾರೈತೆ, ಇಲ್ಲವೇ ತಣಿದೈತೆ. ಬಾಯಾರೈತೆ ಅಂದ ಹೊಲಕ್ಕೆ ನೀರುಗಂಟಿ ಹೋಗಿ ಕೆರೆಯ ನೀರು ತಿರುಗಿಸುತ್ತಾನೆ. ಹೊಲದಲ್ಲಿ ಅವನು ಏನು ಕಂಡರೂ ಹೊರಗೆ ಬಂದು ಹೇಳುವಂತಿಲ್ಲ. ಪೈರು ಎದೆಮಟ್ಟ ಬಂದ ಮೇಲೆ ಕೊಯ್ಲಿನವರೆಗೆ ಅವನೊಬ್ಬನನ್ನು ಬಿಟ್ಟು ಯಾರೂ, ಹೊಲದ ಯಜಮಾನನೂ, ಒಳಗೆ ಕಾಲಿಡುವಂತಿಲ್ಲ. ಮನುಷ್ಯನ ಮೈಯೂ ನೀರೇ ತಾನೇ? ಒಳಗೆ ಒಬ್ಬ ನಿಂತರೂ ದನಿ ಕಲಸಿಹೋಗುತ್ತದೆ.

ಹೊನ್ನಾಜಮ್ಮ ಹರೆಯದಲ್ಲಿ ಕಟ್ಟೆ ಹತ್ತಿದವರು. ನಾನು ಕಾಣುವ ಹೊತ್ತಿಗೆ ಅವರ ತಲೆ ಬೆಳ್ಳಗಾಗಿತ್ತು, ಕಾಲು ಊದಿತ್ತು. ಕಟ್ಟೆಗೆ ಬುತ್ತಿ ಒಯ್ಯುವುದು ನನ್ನ ಕೆಲಸ. ಊಟದ ಗಂಟು ಬಿಚ್ಚುವಾಗಲೆಲ್ಲ ಅವರು ಮೆಲ್ಲಗೆ ಕೇಳುತ್ತಿದ್ದರು, “ಜೋಳ ಎಷ್ಟೆತ್ತರ ಬಂತೇ?” ಅದನ್ನು ಹೇಳುವುದೂ ತಪ್ಪು. “ಸಾರು ಆರ್ತದೆ, ಉಣ್ಣಿ ಅಮ್ಮಾ” ಅನ್ನುತ್ತಿದ್ದೆ ನಾನು. ಅವರು ನಿಟ್ಟುಸಿರು ಬಿಟ್ಟು ಮುದ್ದೆ ಮುರಿಯುತ್ತಿದ್ದರು. ಊರಿಗೆಲ್ಲ ಅನ್ನ ಕೊಡಿಸಿದ ಆ ಹೆಂಗಸು ಕಣ್ಣು ಚೆನ್ನಾಗಿದ್ದೂ ಕಟ್ಟೆ ಹತ್ತಿದಂದಿನಿಂದ ಒಂದು ಹಸಿರು ಗರಿ ನೋಡಿರಲಿಲ್ಲ. ಕಿವಿ ಯಾರಿಗಾದರೂ ಬರಲಿ, ತಾನು ಇಳಿದು ಬದುವಿನ ಮೇಲೆ ಒಂದು ಸಲ ನಡೆಯುವಂತಾಗಲಿ ಎಂದು ಅವರು ಕಾಯುತ್ತಿದ್ದರು.

ಬಂತು. ಬಂದದ್ದು ನನ್ನ ತಂಗಿ ದೇವೀರಿಗೆ.

ಅವಳು ಜೋಳ ಬಿತ್ತುತ್ತಿದ್ದಳು. ಬಿತ್ತುತ್ತಾ ಬಿತ್ತುತ್ತಾ ತಲೆ ಎತ್ತಿ, “ಅಕ್ಕಾ, ಯಾರೋ ಹಾದುಹೋದಂಗಾಯ್ತು” ಅಂದಳು. ಅಷ್ಟರಲ್ಲಿ ಕೊಂಬು ಊದಿತು. ಪಕ್ಕದ ಸಾಲಿನ ಹೆಂಗಸರು ಕೇಳಿಸಿಕೊಂಡಿದ್ದರು, ಸಂಜೆಗೆ ಊರಿಗೆಲ್ಲ ಹಬ್ಬಿತು. ನಮ್ಮಪ್ಪ ಮುದ್ದೇಗೌಡರು ಊರಿನ ಯಜಮಾನರು. ಎದೆ ಉಬ್ಬಿಸಿಕೊಂಡು ಮನೆಗೆ ಬಂದರು. ಅವರನ್ನು ಕೆಟ್ಟವರು ಅನ್ನಲಾರೆ. ಕಿವಿಯಿಲ್ಲದ ಊರು ಯಾವ ಹೊಲಕ್ಕೆ ಯಾವಾಗ ನೀರು ಎಂದು ತಿಳಿಯದೆ ಉಪವಾಸ ಬೀಳುತ್ತದೆ ಎಂದು ಅವರು ನಂಬಿದ್ದರು, ಊರೆಲ್ಲ ಹಾಗೇ ನಂಬಿತ್ತು. ಮಗಳ ಮೇಲೆ ಅವರಿಗೆ ಜೀವ. ಊರಿನ ಮೇಲೂ ಜೀವ. ತೆನೆ ಹಾಲು ತುಂಬುವ ಹೊತ್ತಿಗೆ ಅವಳನ್ನು ಕಟ್ಟೆ ಹತ್ತಿಸುವುದು ಎಂದು ತೀರ್ಮಾನವಾಯಿತು.

“ನಾನು ಬಿತ್ತಿದ್ದನ್ನ ನಾನೇ ನೋಡಬಾರ್ದು ಅಂದ್ರೆ ಯಾಕೆ ಬಿತ್ತಬೇಕಿತ್ತಕ್ಕಾ?” ಅಂದಳು ದೇವೀರಿ ನನ್ನ ಹತ್ತಿರ.

“ಊರಿಗೋಸ್ಕರ ಕಣೇ.”

“ಊರು ಒಂದಿನ ಕಣ್ಣು ಮುಚ್ಕೊಂಡಿರಲಿ, ಆಗ ಗೊತ್ತಾಯ್ತದೆ.”

ಕಟ್ಟೆ ಹತ್ತಿಸುವ ದಿನ ಬೆಳಗ್ಗೆ ಅವಳ ಹಾಸಿಗೆ ಖಾಲಿ. ಒಂದು ಸಣ್ಣ ಬಿಂದಿಗೆ, ಸೆರಗಿನಲ್ಲಿ ನಾಲ್ಕು ರೊಟ್ಟಿ, ಅಷ್ಟೇ ಒಯ್ದಿದ್ದಳು. ಅಪ್ಪ ದಿಣ್ಣೆಯ ದಾರಿಗೆ, ಬಾವಿಗೆ, ಕೆರೆಗೆ, ಹೊಲಗಳ ಬದುವಿಗೆಲ್ಲ ಆಳು ಕೂರಿಸಿದರು. ಹುಲ್ಲಿನ ಮೆದೆ ಕೆದಕಿಸಿದರು. ಆಳೆತ್ತರ ನಿಂತ ಜೋಳದೊಳಗೆ ಹೋಗಿ ನೋಡಿ ಅಂತ ಮಾತ್ರ ಯಾರಿಗೂ ಹೇಳಲಿಲ್ಲ. ಅದು ಅವರ ಬಾಯಲ್ಲಿ ಬರುವ ಮಾತೇ ಅಲ್ಲ.

ಇನ್ನು ಮುಂದಿನದು ಹೊನ್ನಾಜಮ್ಮ ಎಷ್ಟೋ ದಿನದ ಮೇಲೆ ನನಗೆ ಹೇಳಿದ್ದು.

ಅವತ್ತು ದನಿ ಹಾದಾಗ ಅವರು ಹೊಲ ಹೊಲವಾಗಿ ಕೇಳುತ್ತಾ ಬಂದರು. ನಮ್ಮ ಹೊಲದ ಮೇಲೆ ಅವರ ಕಿವಿ ನಿಂತಿತು. ನೆಲ ಒಣಗಿತ್ತು, ದನಿ ಸೊರಗಿಕೊಂಡೇ ಏಳುತ್ತಿತ್ತು. ಆದರೆ ನಡುವೆ ಒಂದು ಕಡೆ, ಒಣಗಿದ ಬಟ್ಟೆಯ ಮೇಲೆ ಬಿದ್ದ ಹನಿಯ ಹಾಗೆ, ಒಂದಿಷ್ಟು ಜಾಗ ತುಂಬಿಕೊಂಡಿತ್ತು. ಅಳಿಲಲ್ಲ, ನಾಯಿಯಲ್ಲ. ಮೊಣಕಾಲು ಅಪ್ಪಿಕೊಂಡು ಕೂತ ಮನುಷ್ಯರ ಮೈ.

ಬಾಯಾರೈತೆ ಅಂದರೆ ನೀರುಗಂಟಿ ಜವನಯ್ಯ ಗುದ್ದಲಿ ಹೊತ್ತು ಒಳಗೆ ಹೋಗುತ್ತಾನೆ. ಕಂಡದ್ದನ್ನು ಹೇಳಬಾರದು ನಿಜ, ಆದರೆ ಜವನಯ್ಯನ ತಾತನ ಕಾಲದಿಂದ ಅವನ ಮನೆಗೆ ಕಾಳು ಅಳೆಯುವುದು ಯಜಮಾನರ ಕಣಜದಿಂದ. ಯಜಮಾನರ ಮಗಳು ಸಿಕ್ಕಿದಾಗ ಬಾಯಿ ಕಟ್ಟಿಕೊಂಡು ಇರುತ್ತಾನೆಯೇ? ಇಷ್ಟು ವರ್ಷ ಅವನು ಕೆಳಗೆ, ಇವರು ಮೇಲೆ. ಇವರ ಕೈ, ಅವನ ಕೊಂಬು. ಅದರಾಚೆ ಇಬ್ಬರೂ ಒಂದು ಮಾತು ಆಡಿದವರಲ್ಲ. ನಂಬುವುದು ಹೇಗೆ? ಹುಡುಗಿ ಸಿಕ್ಕರೆ ತನಗೆ ಬಿಡುಗಡೆ, ನಾಳೆಯೇ ಬದುವಿನ ಮೇಲೆ ನಡೆಯಬಹುದು, ಇದೂ ಅವರ ಮನಸ್ಸಿಗೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ಕೈ ಇಳಿಸಿ, “ಮುದ್ದೇಗೌಡರ ಜೋಳ, ತಣಿದೈತೆ” ಅಂದುಬಿಟ್ಟರು. ಕಟ್ಟೆ ಹತ್ತಿದ ಮೇಲೆ ಅವರು ಆಡಿದ ಮೊದಲ ಸುಳ್ಳು ಅದು.

ಮಾರನೆಯ ದಿನವೂ ಅದನ್ನೇ ಹೇಳಿದರು. ಅಪ್ಪ ಕಟ್ಟೆಯ ಕೆಳಗೆ ಬಂದು ಕೈ ಮುಗಿದು ನಿಂತರು. “ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಮ್ಮಾ? ಬದುವಿನ ಮೇಲೆ ನಿಂತ್ರೆ ಕಾಣ್ತದೆ, ಗರಿ ಸುರುಳಿ ಸುತ್ಕೊಂಡೈತೆ.”

“ತಣಿದೈತೆ ಕಣಪ್ಪ.”

ಅಪ್ಪ ತಲೆ ಬಗ್ಗಿಸಿಕೊಂಡು ಹೊರಟುಹೋದರು. ಕಣ್ಣಲ್ಲಿ ಕಂಡದ್ದನ್ನು ನುಂಗಿಕೊಂಡು ಹೋಗುವಷ್ಟು ನಂಬಿಕೆ ಇತ್ತು ಅವರಿಗೆ. ಅವರ ಹೆಜ್ಜೆ ದೂರವಾಗುವುದನ್ನು ಕೇಳಿ ಹೊನ್ನಾಜಮ್ಮನಿಗೆ ಊಟ ಸೇರಲಿಲ್ಲ. ಬುತ್ತಿಯನ್ನು ಹಾಗೇ ವಾಪಸು ತಂದೆ. ತಂಗಿಯ ಚಿಂತೆಯಲ್ಲಿ ನನಗೂ ಏನೂ ಹೊಳೆಯಲಿಲ್ಲ.

ಅದರ ಮಾರನೆಯ ದಿನ ದನಿ ಹಾದಾಗ ಆ ತುಂಬಿದ ಜಾಗ ಕುಗ್ಗಿತ್ತು. ಹುಡುಗಿ ಈಗ ಕೂತಿರಲಿಲ್ಲ, ಮಲಗಿದ್ದಳು. ಮೈಯ ನೀರು ಹಿಂಗುತ್ತಿತ್ತು. ಬೇಸಿಗೆಯ ಜೋಳ, ತಲೆಯ ಮೇಲೆ ಬೆಂಕಿಯಂಥ ಬಿಸಿಲು, ಕೆರೆ ಬಾವಿಗೆಲ್ಲ ಕಾವಲು, ಸಣ್ಣ ಬಿಂದಿಗೆಯ ನೀರು ಎಷ್ಟು ದಿನ ಬಂದೀತು? ಹೊನ್ನಾಜಮ್ಮನಿಗೆ ಆಗ ಅರಿವಾಯಿತು. ಬಚ್ಚಿಡುತ್ತೇನೆ ಎಂದುಕೊಂಡು ಅವಳನ್ನು ಒಣಗಿಸಿ ಕೊಲ್ಲುತ್ತಿದ್ದವರು ತಾವೇ. ನೀರು ಬಿಟ್ಟರೆ ಸಿಕ್ಕಿಬೀಳುತ್ತಾಳೆ, ಬಿಡದಿದ್ದರೆ ಸಾಯುತ್ತಾಳೆ. ಎತ್ತಿದ ಕೈ ಹಾಗೇ ಇತ್ತು. “ಶಿವನೇ, ಸಿಕ್ಕಿಬೀಳಲಿ, ಬದುಕಲಿ” ಎಂದುಕೊಂಡು ಕೈ ಇಳಿಸಿ, ಗಂಟಲು ಬಿರಿಯುವಂತೆ ಕೂಗಿದರು.

“ಮುದ್ದೇಗೌಡರ ಜೋಳ, ಬಾಯಾರೈತೆ! ಬಾಯಾರೈತೆ!”

ಒಂದೇ ಸಲ ಹೇಳುವ ಮಾತನ್ನು ಎರಡು ಸಲ ಹೇಳಿದ್ದರು. ಕೆಳಗೆ ಗುದ್ದಲಿ ಎತ್ತಿಕೊಂಡ ಸದ್ದಾಯಿತು. ಆಮೇಲೆ ಹೆಜ್ಜೆ ಸದ್ದು. ಜವನಯ್ಯ ನಡೆಯುತ್ತಿರಲಿಲ್ಲ, ಓಡುತ್ತಿದ್ದ. ಮೊಮ್ಮಕ್ಕಳನ್ನು ಕಂಡ ಮುದುಕ ಧೋತ್ರ ಮೇಲೆತ್ತಿ ಕಟ್ಟಿಕೊಂಡು ಕೆರೆಯ ತೂಬಿನ ಕಡೆಗೆ ಓಡುತ್ತಿದ್ದ. ಆ ಸದ್ದು ಕೇಳಿದ ಹೊನ್ನಾಜಮ್ಮ ಹಣೆ ಚಚ್ಚಿಕೊಂಡರು. ಒಣಗಿದ ಹೊಲಕ್ಕೆ ತಣಿದೈತೆ ಅಂದಾಗಲೇ ಅವನಿಗೆ ಗೊತ್ತಾಗಿತ್ತು! ಇವರ ಒಂದು ಮಾತಿಗೆ ಕಾಯುತ್ತಾ ನಿಂತಿದ್ದ ಅಷ್ಟೇ. ಮಾತಿಲ್ಲದೆ ಅವನೂ ಹೊಲಕ್ಕೆ ಇಳಿಯುವಂತಿರಲಿಲ್ಲ, ಬದುವಿನ ಮೇಲೆ ಆಳುಗಳು ಕೂತಿದ್ದರು.

ನೀರು ಸಂಜೆಯತನಕ ಹರಿಯಿತು. ಅಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಜವನಯ್ಯ ಕೆಸರು ಮೆತ್ತಿಕೊಂಡು ಹೊರಗೆ ಬಂದಾಗ, “ಒಳಗೆ ಏನಾದ್ರೂ ಕಂಡ್ಯೇನೋ?” ಎಂದು ಕೇಳಿಯೇಬಿಟ್ಟರು. ಕೇಳಬಾರದ ಮಾತು ಅದು.

“ನೀರುಗಂಟಿ ನೀರು ಬಿಡ್ತಾನೆ ಗೌಡ್ರೆ” ಎಂದು ಜವನಯ್ಯ ಕಾಲುವೆಯಲ್ಲಿ ಕೈ ತೊಳೆದುಕೊಂಡ.

ಇರುಳೆಲ್ಲ ಅಪ್ಪ ಮಲಗಲಿಲ್ಲ. ಗರಿ ಸುತ್ತಿಕೊಂಡಿದ್ದರೂ ಯಾಕೆ ತಣಿದೈತೆ ಅಂದರು? ನಿನ್ನೆ ಯಾಕೆ ಎರಡು ಸಲ ಕೂಗಿದರು? ಬೆಳಗಾಗುವ ಹೊತ್ತಿಗೆ ಅವರಿಗೆ ಅನುಮಾನ ಹತ್ತಿತ್ತು. ಬದುವಿನ ಮೇಲಿದ್ದ, ದಾರಿಯ ಮೇಲಿದ್ದ ಆಳುಗಳನ್ನೆಲ್ಲ, ಕಿವಿಯಮ್ಮನನ್ನು ನಾಲ್ಕು ಜನರ ಮುಂದೆ ಕೇಳೋಣ ಎಂದು, ಕಟ್ಟೆಯ ಮುಂದಕ್ಕೆ ಕರೆತಂದರು. ನಾನು ಆಗಲೇ ಬುತ್ತಿ ತಂದು ಕಟ್ಟೆಯ ಮೇಲೆ ಹೊನ್ನಾಜಮ್ಮನ ಪಕ್ಕ ಕೂತಿದ್ದೆ.

ಆ ಹೆಂಗಸಿನ ಮುಖ ನೋಡಲಾಗುತ್ತಿರಲಿಲ್ಲ. ನೀರು ಕುಡಿದ ಹೊಲ ಪೂರ್ತಿ ತುಂಬಿಕೊಂಡಿರುತ್ತದೆ, ಅದರ ನಡುವೆ ಒಂದು ಮೈ ಇದೆಯೋ ಇಲ್ಲವೋ ದನಿ ಹಾದರೂ ತಿಳಿಯುವುದಿಲ್ಲ. ಕುಡಿದು ಎದ್ದಳೋ, ಕುಡಿಯುವ ಮೊದಲೇ ಹೋದಳೋ? ಹೆಸರು ಹಿಡಿದು ಕೇಳುವಂತಿಲ್ಲ. ಗುಂಪು ಇನ್ನೂ ದೂರದಲ್ಲಿರುವಾಗಲೇ ಅವರು ಕೆಳಕ್ಕೆ ಬಗ್ಗಿದರು.

“ಜವನಯ್ಯಾ, ಉಸಿರೈತಾ?”

ನನ್ನ ಕೈಯಿಂದ ಚೆಂಬು ಜಾರಿತು. ಆಗ ತಿಳಿಯಿತು ನನಗೆ ಯಾರ ಮಾತು ಅದು ಅಂತ.

ಜವನಯ್ಯ ಕೊಂಬನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ. “ಇದನ್ನ ಹಿಡ್ಕೊಂಡು ದಿನಾ ಕಾದೆ ಕಣ್ರವ್ವಾ ನಿಮ್ಮ ಒಂದು ಮಾತಿಗೆ. ಇವತ್ತು ನೀವು ನನ್ನ ಮಾತಿಗೆ ಕಾಯ್ತಿದೀರಿ. ನಾನು ಹೇಳಂಗಿಲ್ಲ, ನೀವು ನೋಡಂಗಿಲ್ಲ. ಒಬ್ರು ತಪ್ಪಬೇಕು.”

“ಅವತ್ತು ನಿನ್ನ ನಂಬದೆ ತಪ್ಪಿದೋಳು ನಾನು. ಇವತ್ತೂ ನಾನೇ ತಪ್ತೀನಿ ಬಿಡು” ಅಂದರು ಹೊನ್ನಾಜಮ್ಮ.

ಅಷ್ಟರಲ್ಲಿ ಅಪ್ಪ ಬಂದು ನಿಂತರು. “ಅಮ್ಮಾ, ನಿಮ್ಮ ಮಾತಿಗೆ ನಾನು ಎಂದೂ ಎದುರು ಆಡಿದೋನಲ್ಲ. ಇವತ್ತು ಕೇಳ್ತೀನಿ. ನನ್ನ ಜೋಳದೊಳಗೆ ನನ್ನ ಮಗಳು ಅವ್ಳಾ?”

ಕಿವಿಯಮ್ಮ ನನ್ನ ಹೆಗಲು ಹಿಡಿದುಕೊಂಡು, ಊದಿದ ಕಾಲ ಮೇಲೆ ಎದ್ದು ನಿಂತರು. ಕೂರುವ ಮಣೆಯನ್ನು ಗೋಡೆಗೆ ಒತ್ತಿ ಅದರ ಮೇಲೆ ಹತ್ತಿದರು. ಕೆಳಗಿದ್ದವರು “ಅಯ್ಯೋ, ಬ್ಯಾಡಿ ತಾಯೀ” ಎಂದು ಕೂಗಿಕೊಂಡರು. ಅವರು ತಿರುಗಿ ಗೋಡೆಯ ಆಚೆ ನೋಡಿಯೇಬಿಟ್ಟರು. ನಾನೂ ಪಕ್ಕದಲ್ಲಿ ತುದಿಗಾಲಿನ ಮೇಲೆ ನಿಂತೆ.

ಹೊಲ ಹೊಲವೆಲ್ಲ ಹಸಿರು. ನೀರು ಕುಡಿದ ನಮ್ಮ ಜೋಳ ಗರಿ ಬಿಚ್ಚಿಕೊಂಡು ನಿಂತಿತ್ತು. ಹೊನ್ನಾಜಮ್ಮನ ಬಾಯಿಂದ “ಆಹಾ” ಎಂದು ಬಂತು, ಮಗುವಿನ ಬಾಯಿಂದ ಬರುವಂತೆ. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಒರೆಸಿಕೊಂಡು ಮತ್ತೆ ನೋಡಿದರು. ಕಾವಲಿಲ್ಲದ ಬದು ದಾಟಿ, ದಿಣ್ಣೆಯ ದಾರಿಯಲ್ಲಿ ಯಾರೋ ಕುಂಟುತ್ತಾ ಹತ್ತುತ್ತಿದ್ದರು. ಅವರು ದೇವೀರಿಯನ್ನು ಕೇಳಿ ಬಲ್ಲರು, ಅಷ್ಟು ದೂರದಿಂದ ನೋಡಿ ಬಲ್ಲರೇ?

“ಯಾರೇ ಅದು? ಕೆಂಪು ಸೀರೆ?”

“ನಮ್ಮ ದೇವೀರಿ ಕಣಮ್ಮಾ.”

“ನಡೀತಾವ್ಳಾ?”

“ನಡೀತಾವ್ಳೆ.”

ಮೆಲ್ಲಗೇ ಹೇಳಿದ್ದೆ. ಆದರೂ ಅಪ್ಪನಿಗೆ ಕೇಳಿಸಿತು. ಗೋಡೆ ಸುತ್ತಿಕೊಂಡು ಓಡಿ ಬಂದರು, ಆಳುಗಳೂ ಹಿಂದೆಯೇ ಬಂದರು. ದಿಣ್ಣೆಯ ಮೇಲೆ ಆ ಕೆಂಪು ಚುಕ್ಕೆ ಎಲ್ಲರಿಗೂ ಕಂಡಿತು. ಅರ್ಧ ದಾರಿಯೂ ಹತ್ತಿರಲಿಲ್ಲ. ಎರಡು ಹೆಜ್ಜೆಗೆ ಒಂದು ಸಲ ನಿಲ್ಲುತ್ತಿದ್ದಳು. ಗಟ್ಟಿ ಕಾಲಿನ ಆಳುಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿದು ತರುತ್ತಿದ್ದರು. ಅಪ್ಪ ಕೋಲು ಎತ್ತಿ, “ಹಿಡೀರಲೇ!” ಎನ್ನಲು ಬಾಯಿ ತೆರೆದರು.

ಹೊನ್ನಾಜಮ್ಮ ಕೈ ಎತ್ತಿದರು.

ಜವನಯ್ಯ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಕೊಂಬು ಊದಿದ.

ಅಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಓಡಲು ಕಾಲು ಎತ್ತಿದ ಆಳುಗಳು ಇಟ್ಟಲ್ಲಿ ಇಟ್ಟು ನಿಂತರು. ಊರಲ್ಲಿ ಒನಕೆ ನಿಂತಿತು, ಕಮ್ಮಾರನ ಸುತ್ತಿಗೆ ನಿಂತಿತು. ದಿಣ್ಣೆಯ ಮೇಲೆ ದೇವೀರಿ ಒಬ್ಬಳೇ ನಡೆಯುತ್ತಿದ್ದಳು. ಕೊಂಬು ಊದಿದ ಮೇಲೆ ನಮ್ಮೂರಲ್ಲಿ ಯಾರಾದರೂ ಹೆಜ್ಜೆ ಕಿತ್ತಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ದಿನವೂ ಆ ಮೌನ ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತು. ಅವತ್ತು ಬೇಳೆ ಬೇಯುವಷ್ಟು ಹೊತ್ತಾಯಿತು. ಹೊನ್ನಾಜಮ್ಮ ಎತ್ತಿದ ಕೈ ಇಳಿಯದಂತೆ ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡರು. ಅಪ್ಪ ಒಂದು ಹೆಜ್ಜೆ ಮುಂದಿಟ್ಟಿದ್ದರೆ ಎಲ್ಲರೂ ಓಡುತ್ತಿದ್ದರು, ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಅವರು ಇಡಲಿಲ್ಲ. ಮಗಳು ಕೈತಪ್ಪಿ ಹೋಗುವುದನ್ನು ಕಣ್ಣಾರೆ ನೋಡುತ್ತಾ ನಿಂತಿದ್ದರು, ಕೆನ್ನೆಯ ಮೇಲಿನ ನೀರನ್ನೂ ಒರೆಸಿಕೊಳ್ಳಲಿಲ್ಲ. ನನಗೆ ಅಪ್ಪನನ್ನು ನೋಡಿ ಅಳು, ತಂಗಿಯನ್ನು ನೋಡಿ ನಡೆಯೇ, ನಡೆಯೇ ಎಂಬ ಹಂಬಲ. ದೇವೀರಿ ದಿಣ್ಣೆಯ ತಲೆಗೆ ಹೋಗಿ ಒಂದು ಸಲ ತಿರುಗಿ ನಿಂತಳು. ಹೊಲ ನೋಡಿದಳೋ, ನಮ್ಮನ್ನು ನೋಡಿದಳೋ ಗೊತ್ತಿಲ್ಲ. ಆಚೆಗಿಳಿದಳು. ಆಚೆ ಲಾರಿಗಳು ಓಡಾಡುವ ರಸ್ತೆ.

ಆಮೇಲೆ ಹೊನ್ನಾಜಮ್ಮ ಕೈ ಇಳಿಸಿದರು.

ಎಲ್ಲರೂ ಒಟ್ಟಿಗೇ ಕೂಗಾಡತೊಡಗಿದರು. ಆಳುಗಳು ದಿಣ್ಣೆಯ ಕಡೆಗೆ ಓಡಿದರು, ಬರಿಗೈಯಲ್ಲಿ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. “ಹೊಲದ ಮಾತು ಹೇಳಿ ಅಮ್ಮಾ, ಯಾವುದು ಬಾಯಾರೈತೆ?” ಎಂದು ಒಬ್ಬ ಕೇಳಿದ. ಹೊನ್ನಾಜಮ್ಮ ಮಣೆಯ ಮೇಲೆ ಕುಸಿದು ಕೂತು, “ನಂಗೇನೂ ಕೇಳಿಸ್ಲಿಲ್ಲ ಕಣಪ್ಪ. ನೋಡಿದ್ನಲ್ಲ” ಅಂದರು. ಗುಂಪಿನಲ್ಲಿ ಯಾರೋ ಹೋ ಎಂದು ಅತ್ತರು. ಊರು ಕೆಟ್ಟಿತು, ಕಿವಿಯೂ ಹೋಯಿತು, ಕಿವಿ ಬಂದವಳೂ ಹೋದಳು ಎಂದು ಹೆಂಗಸರು ಎದೆ ಬಡಿದುಕೊಂಡರು.

ಆ ಗದ್ದಲದ ನಡುವೆ ಯಾರೋ ನನ್ನ ತಲೆಯ ಮೇಲೆ ಹಾದುಹೋದಂತಾಯಿತು.

ದಾರಿದನಿ ಅವತ್ತು ಬಂದದ್ದು ಆಗ. ಕೈ ಎತ್ತಿದಾಗ ಬಂದಿರಲೇ ಇಲ್ಲ. ಮೊದಲು ಕೆರೆಯಂಗಳದಿಂದ, ಆಮೇಲೆ ಒಂದೊಂದೇ ಹೊಲದಿಂದ ಅದು ಎದ್ದು ಹೋಗುವುದು ನನಗೆ ಕೇಳಿಸಿತು. ಯಾವುದು ಯಾರ ಹೊಲ ಎಂದು ಯಾರೂ ಕಲಿಸಿಕೊಡಬೇಕಾಗಲಿಲ್ಲ. ಕಿವಿ ಮುಚ್ಚಿಕೊಂಡರೂ ಕೇಳಿಸಿತು. ಕೇಳಿಸಲಿಲ್ಲ ಎನ್ನಬಹುದಿತ್ತು. ನೆಲದ ಮೇಲೆ ಕೂತು ತಲೆಯ ಮೇಲೆ ಕೈಹೊತ್ತ ಅಪ್ಪನನ್ನು ನೋಡಿದೆ. ದಿಣ್ಣೆಯನ್ನು ನೋಡಿದೆ. ಇನ್ನೊಂದು ಸಲ ಹೊಲಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣುತುಂಬ ನೋಡಿಕೊಂಡೆ. ಆಮೇಲೆ ತಿರುಗಿ ಗೋಡೆಗೆ ಬೆನ್ನು ಕೊಟ್ಟು ಕೂತೆ.

“ನಮ್ಮಪ್ಪನ ಜೋಳ, ತಣಿದೈತೆ” ಅಂದೆ.

ಹೊನ್ನಾಜಮ್ಮ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಬುತ್ತಿ ತರುವುದು ಅವರ ಕೆಲಸ, ಬದುವಿನ ಮೇಲೆ ಸುತ್ತಿ ಬಳಸಿ ಬರುವುದರಿಂದ ಸಾರು ಯಾವಾಗಲೂ ತಣ್ಣಗೆ. ಗಂಟು ಬಿಚ್ಚುತ್ತಾ, ನಾನು ಕೇಳದಿದ್ದರೂ, “ಎದೆಮಟ್ಟ ಬಂತು ಕಣೇ ಜೋಳ” ಅನ್ನುತ್ತಾರೆ. ಹೇಳಬಾರದು ಎಂದು ಅವರಿಗೂ ಗೊತ್ತು. ನಾನು ಬೇಡ ಎನ್ನುವುದಿಲ್ಲ.

ಅಪ್ಪನೂ ದಿನಾ ಬರುತ್ತಾರೆ. ಹೊಲದ ಮಾತು ಕೇಳಲು ಬಂದವರಂತೆ ಜವನಯ್ಯನ ಪಕ್ಕ ನಿಲ್ಲುತ್ತಾರೆ. ಒಂದು ದಿನ ತಲೆ ಎತ್ತದೆ ಕೇಳಿದರು, “ಅವಳು ಎಲ್ಲಿದ್ರೂ ಆ ದನಿ ಅವಳ ಮೇಲೂ ಹಾಯ್ತದಾ ಮಗಾ?”

“ಅವಳಿಗೆ ದಾರಿ ಹೇಳಿ ಆಮೇಲೆ ನಮ್ಮ ಕಡೆ ಬತ್ತದೆ ಅಪ್ಪಾ” ಅಂದೆ.

ಅವತ್ತಿನಿಂದ ಅಪ್ಪ ನಾನು ಕೈ ಎತ್ತುವುದನ್ನೂ ಕಾಯುವುದಿಲ್ಲ. ಕೊಂಬು ಊದುವುದಕ್ಕೆ ಎಷ್ಟೋ ಮುಂಚೆಯೇ ಸುಮ್ಮನೆ ನಿಂತುಬಿಡುತ್ತಾರೆ.